ಒಡೆದ ಗಾಜು, ನಿಂತ ಮಂಟಪ

ನಮ್ಮ ಸೀಮೆಯ ಹಳೆಯ ಕಲ್ಲುಕಟ್ಟಡಗಳ ನಾಡಿ ಹಿಡಿದು ನೋಡಬಲ್ಲವರು ಬಹಳ ಮಂದಿಯಿಲ್ಲ. ಇದ್ದವರಲ್ಲಿ ಓವರ್ಸಿಯರ್ ಶ್ರೀ ತ್ರ್ಯಂಬಕರಾಯ ಹುದ್ದಾರರು ಹಿರಿಯರು. ಕಟ್ಟಡ ಬೀಳುತ್ತದೆಂದು ಬರೆಯುವುದು ಸುಲಭ: ಬಿದ್ದರೆ ಬರೆದವನು ಜಾಣ, ಬೀಳದಿದ್ದರೆ ಸರಕಾರವೇ ಕೆಡವಿಸಿ ಅವನ ಮಾನ ಕಾಯುತ್ತದೆ. ನಿಲ್ಲುತ್ತದೆಂದು ಬರೆಯಲು ಎದೆ ಬೇಕು. ಈ ವರ್ಷ ನಿವೃತ್ತರಾಗುತ್ತಿರುವ ರಾಯರಿಗೆ ಅದು ಇತ್ತು. ಆ ಎದೆಯ ಮೇಲಿನ ಕೋಟಿಗೆ ಮಾತ್ರ ಗುಂಡಿಗಳು ಎಂದೂ ಪೂರ್ತಿ ಇರಲಿಲ್ಲ.

೧೯೧೬ರಲ್ಲಿ ಧಾರವಾಡದ ಕಚೇರಿ ಸೇರಿದ ಅವರು ಮೊದಲ ಕೆಲವು ವರ್ಷಗಳನ್ನು ರಸ್ತೆಯ ಮೋರಿಗಳಿಗೆ ಅರ್ಪಿಸಿ, ಬಳಿಕ ಗುಡಿ-ಮಂಟಪಗಳತ್ತ ತಿರುಗಿದರು. ನಾನು ನಕ್ಷೆಗಾರನಾಗಿ ಬಂದ ಹೊಸತರಲ್ಲಿ ಒಂದು ಗುಡಿಗೆ ಬಾಗಿಲು ಬರೆಯುವುದನ್ನೇ ಮರೆತಿದ್ದೆ. “ದೇವರು ಒಳಗ ಹೆಂಗ ಹೋದಾನೋ ತಮ್ಮಾ?” ಎಂದಷ್ಟೇ ಕೇಳಿ, ಮೇಲಿನವರ ಕಣ್ಣಿಗೆ ಬೀಳುವ ಮುನ್ನ ತಾವೇ ತಿದ್ದಿಕೊಟ್ಟರು.

೧೯೩೪ರ ಸಂಗತಿ. ಹಳೇ ಹುಬ್ಬಳ್ಳಿಯಲ್ಲಿ ಹೊಂಡದ ದಂಡೆಯ ಮಂಟಪದ ಗೋಡೆ ಸೀಳಿತ್ತು. ಕೆಡವಬೇಕೆಂದು ಮೇಲಿನವರು ಅಂದರು. ಒಂದು ಮಳೆಗಾಲ ನೋಡೋಣವೆಂದು ರಾಯರು ಬೇಡಿಕೊಂಡರು. ಸೀಳಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿದರು. ಗೋಡೆ ಸರಿದರೆ ಗಾಜು ಒಡೆಯುತ್ತದೆ; ಗಾಜು ಒಡೆದರೆ ಮಂಟಪ ಉಳಿಯುವುದಿಲ್ಲ. ಅಲ್ಲಿಯವರೆಗೆ ಒಳಗೆ ಯಾರೂ ಹೋಗಕೂಡದೆಂದು ಓಣಿಗೆ ತಾಕೀತಾಯಿತು.

ಶ್ರಾವಣದಲ್ಲಿ ಗಾಜು ಒಡೆದ ಸುದ್ದಿ ಬಂತು. ಕೆಡಹುವ ಹುಕುಮು ಸಹಿಗೆ ಕಾದು ಕುಳಿತಿತ್ತು. ರಾಯರು ನನ್ನನ್ನು ಕರೆದುಕೊಂಡು ಹೊರಟರು.

“ಮಳಿಗೆ ಒಡದೈತ್ರಿ ಸಾಹೇಬರ. ಯಾರೂ ಮುಟ್ಟಿಲ್ರಿ,” ಎಂದಳು ಮಂಟಪಕ್ಕೆ ದೀಪ ಹಚ್ಚುವ ಬಾಳವ್ವ. ಹಿಂದೆ ನಿಂತ ಹೆಂಗಸರೆಲ್ಲ ಒಕ್ಕೊರಲಿನಿಂದ ಮಳೆಯನ್ನೇ ದೂರಿದರು.

ರಾಯರು ಸೀಳನ್ನು ಅಳೆದರು. ಅದು ಮೊದಲಿಗಿಂತ ಕೂದಲೆಳೆಯಷ್ಟೂ ಅಗಲವಾಗಿರಲಿಲ್ಲ. ಗಾಜೋ ಪೆಟ್ಟು ತಿಂದಂತೆ ನಡುವಿನಿಂದ ಚೂರಾಗಿತ್ತು. ತಲೆಯೆತ್ತಿದರೆ, ಮಾಸಿದ ಕಲ್ಲುತೊಲೆಯ ಮೇಲೆ ಹಗ್ಗ ಉಜ್ಜಿದ ಹೊಸ ಗೆರೆ.

“ಬಾಳವ್ವಾ, ನಾಗರ ಪಂಚಮಿ ಉಂಡಿ ಛಲೋ ಆಗಿದ್ವೇನು?”

“ಆಗಿದ್ವ್ರೀ.”

“ಜೋಕಾಲಿ?”

ಬಾಳವ್ವ ಹೊಂಡದ ಕಡೆ ನೋಡಿದಳು. ಹಿಂದೆ ನಿಂತ ಹೆಂಗಸರಲ್ಲೊಬ್ಬಳಾದ ಹುಲಿಗೆವ್ವನ ಅಳು ಒಡೆಯಿತು: “ಜೋಕಾಲಿಯಾಗ ಕುಂದ್ರೂ ಮಣಿನ ಗಾಜಿಗೆ ಬಡೀತ್ರಿ ಯಪ್ಪಾ! ಈ ಬಾಳವ್ವ ಬ್ಯಾಡ ಬ್ಯಾಡ ಅಂದ್ಲು, ಆಮ್ಯಾಲ ಈಕೀನ ಮೊದಲ ಹತ್ತಿದ್ಲು!”

“ಒಮ್ಮೆಗೆ ಎಷ್ಟ ಮಂದಿ?”

“ನಾಕ ಮಂದಿರಿ.”

ರಾಯರು ಬಾಳವ್ವನ ಮೈಕಟ್ಟನ್ನು ಗೌರವದಿಂದ ಒಮ್ಮೆ ನೋಡಿ, “ಹಂಗಾದ್ರ ಮಂಟಪ ಗಟ್ಟಿ ಅದ ಬಿಡ್ರಿ,” ಎಂದರು. ಮೊದಲು ನಕ್ಕವಳು ಬಾಳವ್ವನೇ. ಓಣಿಗೆ ಓಣಿಯೇ ಆಗ ಉಸಿರು ಬಿಟ್ಟಿತು.

ವರದಿಯಲ್ಲಿ ಯಾರ ಹೆಸರೂ ಬರಲಿಲ್ಲ. ‘ಗಾಜು ಹೊರಗಿನ ಪೆಟ್ಟಿನಿಂದ ಒಡೆದಿದೆ, ಗೋಡೆ ಸರಿದಿಲ್ಲ, ತೊಲೆಯ ಭಾರಪರೀಕ್ಷೆ ತೃಪ್ತಿಕರ’ ಎಂದಿತ್ತು. ಪರೀಕ್ಷೆ ನಡೆಸಿದವರಾರೆಂದು ಮೇಲಿನವರು ಕೇಳಲಿಲ್ಲ. ಹೊಸ ಗಾಜು ಮರುವರ್ಷದ ಮಳೆಯನ್ನೂ ಕಂಡು ಇಡಿಯಾಗಿಯೇ ಉಳಿಯಿತು; ಸೀಳಿಗೆ ಗಚ್ಚು ತುಂಬಿದರು; ಹುಕುಮು ಸಹಿ ಕಾಣದೆ ಹಿಂದಿರುಗಿತು. ರಾಯರ ಷರತ್ತು ಒಂದೇ: ಇನ್ನು ಮುಂದೆ ಜೋಕಾಲಿ ಎದುರಿನ ಬೇವಿನ ಮರಕ್ಕೆ.

ಅಂದಿನಿಂದ ಪ್ರತಿ ಪಂಚಮಿಯ ಮುನ್ನ ಬಾಳವ್ವ ಹೇಳಿಕಳಿಸುತ್ತಾಳೆ. ರಾಯರು ಹೋಗಿ, ದೇವಾಲಯದ ಶಿಖರಕ್ಕೆ ತೋರುವಷ್ಟೇ ಗಾಂಭೀರ್ಯದಿಂದ ಬೇವಿನ ಟೊಂಗೆಯನ್ನು ತಟ್ಟಿ ನೋಡಿ ಅಪ್ಪಣೆ ಕೊಡುತ್ತಾರೆ. ಅವರ ಎಲುಬುಗಳು ಅವರು ಉಳಿಸಿದ ಕಲ್ಲುಗಳಂತೆಯೇ ಬಹುಕಾಲ ಬಾಳಲೆಂದು ಹಾರೈಸುವ ನಾವು, ವಿಶ್ರಾಂತಿಯನ್ನು ಹಾರೈಸುವ ಧೈರ್ಯ ಮಾಡಲಾರೆವು. ನಿವೃತ್ತಿಯ ಸುದ್ದಿ ತಿಳಿಸಿದಾಗ ಬಾಳವ್ವ ಅಂದದ್ದಿಷ್ಟೆ:

“ಪಿಂಚಣಿ ಆದ್ರ ಆಗ್ಲೇಳ್ರಿ. ಪಂಚಮಿ ನಿಲ್ಲತೈತೇನು?”