ಎರಡನೆಯ ಸಲ ಕೇಳದವರ ನಡುವೆ

ಯಾರ ಮನೆಗೆ ಹೋದರೂ ‘ಕಾಫಿ ತಗೋತೀರಾ?’ ಎಂಬ ಪ್ರಶ್ನೆಗೆ ‘ಅಯ್ಯೋ ಬೇಡ, ಈಗ ತಾನೇ ಆಯ್ತು’ ಎನ್ನುವುದು ನಮ್ಮಲ್ಲಿ ಸುಳ್ಳಲ್ಲ, ಸಂಸ್ಕಾರ. ಕೇಳಿದವರಿಗೂ ಅದು ಗೊತ್ತು. ಅವರು ಮತ್ತೆ ಕೇಳುತ್ತಾರೆ, ನಾವು ಮತ್ತೆ ಸಂಕೋಚಪಡುತ್ತೇವೆ, ಮೂರನೆಯ ಸಲಕ್ಕೆ ಲೋಟವೇ ಕೈಗೆ ಬಂದಿರುತ್ತದೆ. ಮೈಸೂರಿನಲ್ಲಿ ನಾನು ಮೂವತ್ತು ವರ್ಷ ಕುಡಿದ ಕಾಫಿಯೆಲ್ಲ ಹೀಗೆ ನಿರಾಕರಿಸಿಯೇ ಸಂಪಾದಿಸಿದ್ದು. ಈ ವಿದ್ಯೆ ಲಂಡನ್ನಿನಲ್ಲಿ ನನ್ನ ಅನ್ನಕ್ಕೇ ಕಲ್ಲು ಹಾಕುವುದರಲ್ಲಿತ್ತು.

ಎರಡು ಸಾವಿರದ ಇಸವಿಯ ನಂತರದ ಮಾತು. ಜಗತ್ತಿನ ಕಂಪ್ಯೂಟರುಗಳು ಪರಸ್ಪರ ಮಾತಾಡಬೇಕಾದರೆ ಯಾವ ಶಿಷ್ಟಾಚಾರ ಪಾಲಿಸಬೇಕೆಂದು ನಿಯಮ ಬರೆಯುವ ಎಂಜಿನಿಯರುಗಳ ಒಂದು ಕೂಟವಿತ್ತು. ಆ ಮಹಾನುಭಾವರಿಗೆ ಸಭೆಯ ಕೋಣೆ, ಕುರ್ಚಿ, ನಡಾವಳಿಗಳ ಲೌಕಿಕ ಚಿಂತೆ ತಟ್ಟದಂತೆ ನೋಡಿಕೊಳ್ಳಲು ಲಂಡನ್ನಿನ ಪಶ್ಚಿಮ ತುದಿಯ ಅಕ್ಸ್‌ಬ್ರಿಡ್ಜ್‌ನಲ್ಲೊಂದು ಆಡಳಿತ ಉಸ್ತುವಾರಿ ಸಮಿತಿ. ಆ ಸಮಿತಿಗೆ ನಾನು ತಾತ್ಕಾಲಿಕ ಕಾರ್ಯದರ್ಶಿ. ಅಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿಯಿರಲಿಲ್ಲ. ಠರಾವನ್ನು ಎಲ್ಲರಿಗೂ ಇ-ಮೇಲ್ ಮಾಡುವುದು. ಹತ್ತು ದಿನ ಯಾರೂ ಆಕ್ಷೇಪಿಸದಿದ್ದರೆ ಅದು ಪಾಸು.

ಒಂದು ದಿನ ಅಧ್ಯಕ್ಷರು, ಮಿತಭಾಷಿಯಾದ ಹಿರಿಯ ಎಂಜಿನಿಯರ್, ಹುದ್ದೆಯನ್ನು ಕಾಯಂ ಮಾಡಲಿದ್ದೇವೆ, ನೀವೇ ಮುಂದುವರಿಯುತ್ತೀರಾ ಎಂದು ಬರೆದು ಕೇಳಿದರು. ಒಳಗೊಳಗೇ ಕುಣಿದಾಡಿದೆ. ಕೆಲಸ ಹೋದರೆ ವೀಸಾ ಹೋಗುತ್ತಿತ್ತು, ವೀಸಾ ಹೋದರೆ ಇಲ್ಫರ್ಡ್‌ನ ಮನೆ, ಮಗಳ ಶಾಲೆ ಎಲ್ಲವೂ. ಆದರೆ ಸಂಸ್ಕಾರ ಬಿಟ್ಟೀತೆ? ‘ತಮ್ಮ ಔದಾರ್ಯಕ್ಕೆ ಋಣಿ, ನಾನು ಅಷ್ಟು ಯೋಗ್ಯನಲ್ಲ, ಸಮರ್ಥರಾದ ಬೇರೆಯವರನ್ನು ಪರಿಗಣಿಸಬಹುದು’ ಎಂದು ಉತ್ತರಿಸಿ, ಎರಡನೆಯ ಉಪಚಾರಕ್ಕಾಗಿ ಕಾಯುತ್ತ ಕುಳಿತೆ.

ಮರುದಿನ ಬಂದದ್ದು ವಿಷಾದಪತ್ರ. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ, ಠರಾವನ್ನು ಕಳುಹಿಸಲು ನನಗೇ ಸೂಚಿಸಿದ್ದರು. ‘ಕಾರ್ಯದರ್ಶಿಯವರು ಹುದ್ದೆಯನ್ನು ನಿರಾಕರಿಸಿರುವುದರಿಂದ ಬೇರೆಯವರನ್ನು ಹುಡುಕತಕ್ಕದ್ದು’ ಎಂದು ಒಂದು ಕಾಗುಣಿತದ ತಪ್ಪೂ ಇಲ್ಲದಂತೆ ಟೈಪಿಸಿದವನು ನಾನೇ. ಯಾರಾದರೂ ಆಕ್ಷೇಪಿಸಿಯಾರೆಂಬ ಆಸೆ ಇತ್ತು. ಒಂದು ಅಲ್ಪವಿರಾಮಕ್ಕಾಗಿ ಮೂರು ವಾರ ಜಗಳವಾಡಬಲ್ಲ ಆ ಜನ ಒಂಬತ್ತು ದಿನ ತುಟಿ ಬಿಚ್ಚಲಿಲ್ಲ.

ಒಂಬತ್ತನೆಯ ಸಂಜೆ ಕೊತ್ತಂಬರಿ ಬಿಡಿಸುತ್ತಿದ್ದ ಹೆಂಡತಿ ಸುಮಳ ಮುಂದೆ ಬಾಯಿಬಿಟ್ಟೆ.

“ಬೇಡ ಅಂದ್ರಾ? ಅವರೇನು ನಿಮ್ಮ ಸೋದರತ್ತೆ ಏನ್ರೀ, ಬಲವಂತ ಮಾಡಿ ಬಡಿಸೋಕೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ಬೇಕು ಅಂತ ಬರೀರಿ. ಪ್ಲೀಸ್” ಎಂದಳು. ಅವಳು ನನಗೆ ಪ್ಲೀಸ್ ಎಂದದ್ದು ಅದೇ ಮೊದಲು. ನನಗೆ ನಿಜಕ್ಕೂ ಭಯವಾಯಿತು.

ಹತ್ತನೆಯ ಬೆಳಗ್ಗೆ ಸ್ಟ್ರಾಟ್‌ಫರ್ಡ್‌ನಲ್ಲಿ ಟ್ಯೂಬ್ ರೈಲು ಹತ್ತಿದವನು ಅಕ್ಸ್‌ಬ್ರಿಡ್ಜ್ ತಲುಪುವವರೆಗೆ ಮೂರೇ ವಾಕ್ಯ ಹೊಸೆದೆ: ‘ಮೇಲ್ಕಂಡ ನಿರಾಕರಣೆಗೆ ನನ್ನ ಆಕ್ಷೇಪಣೆಯಿದೆ. ನಿರಾಕರಿಸಿದವನು ನಾನೇ. ನನಗೆ ಈ ಕೆಲಸ ಬೇಕು.’ ಕಳುಹಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಅಧ್ಯಕ್ಷರೇ ನನ್ನ ಮೇಜಿನ ಬಳಿ ಬಂದರು. ಕಾಫಿಯ ಕಾನೂನನ್ನು ತಡವರಿಸುತ್ತ ವಿವರಿಸಿದೆ. ಅವರು ನಗಲಿಲ್ಲ. ಹಾಗಾದರೆ ನಿಮ್ಮಲ್ಲಿ ಎಷ್ಟು ಸಲ ಕೇಳಬೇಕು ಎಂದರು. ಮೂರು ಸಲ ಎಂದೆ. ಕುರ್ಚಿ ಎಳೆದುಕೊಂಡು ಕುಳಿತು, ಬಾಕಿಯಿದ್ದ ಎರಡು ಸಲವೂ ಗಂಭೀರವಾಗಿ ಕೇಳಿದರು. ಎರಡು ಸಲವೂ ಹೌದೆಂದೆ. ಮೊದಲ ಮಾತನ್ನೇ ನಂಬುವುದೂ ಒಂದು ಬಗೆಯ ಮರ್ಯಾದೆಯೆಂದು, ಆ ಮರ್ಯಾದೆಗೆ ತಕ್ಕ ಮಾತನ್ನು ನಾನೇ ಆಡಿರಲಿಲ್ಲವೆಂದು ಆಗ ಹೊಳೆಯಿತು. ಕೈ ತೊಳೆಯುವ ನೆಪದಲ್ಲಿ ಹೋಗಿ ಕಣ್ಣೊರೆಸಿಕೊಂಡು, ಮನೆಗೆ ಫೋನ್ ಮಾಡಿದೆ.

ಆ ಭಾನುವಾರ ಇಲ್ಫರ್ಡ್‌ನಲ್ಲೇ ಇದ್ದ ಧಾರವಾಡದ ಡಾಕ್ಟರರ ಮನೆಗೆ ಹೋದೆವು. ಅವರ ಹೆಂಡತಿ ಬಾಗಿಲಲ್ಲೇ “ಕಾಫಿ ತಗೋತೀರೇನ್ರಿ?” ಎಂದು ಕೇಳಿದರು. “ಹೌದು, ಬೇಕು” ಎಂದೆ. ಆಕೆ ತಿರುಗಿ ಗಂಡನ ಮುಖ ನೋಡಿದರು. ಡಾಕ್ಟರು ಕೋಟು ಹಾಕಿಕೊಂಡು ಹಾಲು ತರಲು ಅಂಗಡಿಗೆ ಹೊರಟರು. ಸುಮ ತಲೆ ತಗ್ಗಿಸಿದಳು. ನಾನು ಎರಡು ಲೋಟ ಕುಡಿದೆ.