ಸಾಯಬಣ್ಣನ ಖೈರ್

ಸಾಯಬಣ್ಣ ಮುಂಬಯಿಯಲ್ಲಿ ಇಳಿದದ್ದು ೧೯೮೯ನೆಯ ಇಸವಿ ಜೂನ್ ತಿಂಗಳ ಹನ್ನೊಂದನೆಯ ತಾರೀಖು, ರವಿವಾರ. ಅವನ ಹೆಂಡತಿ ಲಕ್ಷ್ಮವ್ವ ಅದನ್ನು ಸೋಮವಾರವೆಂದು ಹೇಳುವುದುಂಟು, ಅದು ತಪ್ಪು. ಇಂಡಿ ತಾಲೂಕಿನಿಂದ ಬಂದ ಅವನಿಗೆ ಆ ದಿನ ಊರೆಲ್ಲ ತಿರುಗಿದರೂ ಒಂದೂ ಕಟ್ಟಡದ ಕೆಲಸ ನಡೆಯುತ್ತಿರುವುದು ಕಾಣಲಿಲ್ಲವೆಂಬುದೇ ರವಿವಾರಕ್ಕೆ ಸಾಕ್ಷಿ. ಮರುದಿನ ಪರೇಲಿನಲ್ಲಿ ಮರಳು ಹೊರುವ ಕೆಲಸ ಸಿಕ್ಕಿತು. ಹದಿನೇಳು ವರ್ಷ ಮರಳು ಹೊತ್ತನು. ೨೦೦೬ನೆಯ ಇಸವಿ ಜುಲೈ ಮೂರರಂದು ಅರಣ್ಯ ಇಲಾಖೆಯ ದಿನಗೂಲಿಯ ವನಮಜೂರನಾಗಿ, ಉಪನಗರದ ಅಂಚಿನ ಕಾಡಿನ ತನಿಖಾ ನಾಕಾದಲ್ಲಿ ಅಡ್ಡಗಂಬ ಎತ್ತುವ ಕೆಲಸಕ್ಕೆ ನಿಂತನು. ಬಿದಿರಿನ ಆ ಗಂಬದ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಹಗ್ಗ. ಹಗ್ಗದ ಕೊನೆಯಲ್ಲಿ ಸಾಯಬಣ್ಣ.

ಮೂವತ್ತೈದು ವರ್ಷ ಮುಂಬಯಿಯಲ್ಲಿದ್ದರೂ ಅವನ ಹಿಂದಿ ಕಟ್ಟಡದ ಹಿಂದಿಯಾಗಿಯೇ ಉಳಿದಿತ್ತು. ರೇತಿ ಡಾಲ್, ಪಾನಿ ಮಾರ್, ಜಲ್ದಿ ಕರ್: ಇವುಗಳಿಂದಾಚೆಗೆ ಅವನು ಹೋದದ್ದು ಕಡಿಮೆ. ನಾಕಾಕ್ಕೆ ಬಂದಮೇಲೆ ಕೂಡಿದ ಹೊಸ ಮಾತು ಒಂದೇ, ಅದು ‘ಖೈರ್’. ಅದನ್ನು ಕಲಿಸಿದವಳು ವನರಕ್ಷಕಿ ರೂಪಾಲಿ. ಧಾರವಾಡದ ಕಡೆಯ ತಂದೆತಾಯಿಗಳಿಗೆ ವಡಾಲದಲ್ಲಿ ಹುಟ್ಟಿದ ಹುಡುಗಿ. ಕನ್ನಡವನ್ನು ಅರ್ಥಮಾಡಿಕೊಳ್ಳುವುದರಲ್ಲಿ ಚುರುಕು, ಆಡುವುದರಲ್ಲಿ ಎಡವಟ್ಟು. ಖೈರ್ ಎಂದರೆ ಕಾಚಿನ ಮರವೆಂದು ಅವಳು ಹೇಳಿದಳು. ತೊಗಟೆ ಕೆತ್ತಿದರೆ ಒಳಗೆ ಕೆಂಪಗಿರುವ ಆ ಮರವನ್ನು ಕಳ್ಳರು ಕಡಿದು, ಕಾಚು ಬೇಯಿಸುವ ಭಟ್ಟಿಗಳಿಗೆ ಸಾಗಿಸುತ್ತಿದ್ದರು. ಅದರ ಟೆಂಪೋಗಳಿಗೆ ಇದ್ದ ಹತ್ತಿರದ ದಾರಿ ಈ ನಾಕಾವೇ.

ಮೂರು ಬಾರಿ ಅವರು ಪಾರಾದರು. ಬೆಳಕು ಹರಿಯುವ ಹೊತ್ತಿಗೆ ಟೆಂಪೋ ವೇಗವಾಗಿ ಬರುವುದು, ಬಿದಿರನ್ನು ಮುರಿದು ಹೋಗುವುದು. ಸಾಯಬಣ್ಣ ಹೊಸ ಬಿದಿರು ಕಟ್ಟುವುದು. ಮೂರನೆಯ ಬಾರಿ, ೨೦೨೩ರ ಡಿಸೆಂಬರ್ ಒಂಬತ್ತು ಶನಿವಾರ, ರೂಪಾಲಿ ಕೈಯಲ್ಲಿ ಟಾರ್ಚು ಹಿಡಿದು ದಾರಿಯ ನಡುವೆಯೇ ನಿಂತಳು. ಟೆಂಪೋ ನಿಲ್ಲಲಿಲ್ಲ. ಸಾಯಬಣ್ಣ ಅವಳ ತೋಳು ಹಿಡಿದು ಎಳೆದದ್ದರಿಂದ ಜೀವ ಉಳಿಯಿತು. ಎಡಗೈಯ ಮಣಿಕಟ್ಟು ಮಾತ್ರ ಮುರಿಯಿತು. ಆ ಸಂಜೆ ಸಾಯಬಣ್ಣ ಎಲೆ ಅಡಿಕೆಯ ಚಂಚಿಯಿಂದ ಕಾಚಿನ ಡಬ್ಬಿಯನ್ನು ತೆಗೆದು ಗಟಾರಕ್ಕೆ ಎಸೆದನು. ಅಂದಿನಿಂದ ಅವನ ಬಾಯಿ ಕೆಂಪೇರಲಿಲ್ಲ. ಮೇಕೆ ಸೊಪ್ಪು ತಿಂದಂತೆ ಕಾಣುತ್ತದೆಂದು ಲಕ್ಷ್ಮವ್ವ ನಕ್ಕರೂ ಅವನು ಬಗ್ಗಲಿಲ್ಲ.

ಜನವರಿ ಇಪ್ಪತ್ತೆರಡಕ್ಕೆ ರೂಪಾಲಿಯ ಪ್ಲಾಸ್ಟರ್ ತೆಗೆದರು. ಅದೇ ವಾರ ಮೇಲಿನ ಸಾಹೇಬರ ನೋಟೀಸು ಬಂದಿತು: ಫೆಬ್ರವರಿ ಮುಗಿಯುವುದರೊಳಗೆ ಇನ್ನೊಂದು ಟೆಂಪೋ ಪಾರಾದರೆ ನಾಕಾ ಮುಚ್ಚಲಾಗುವುದು; ವನಮಜೂರನನ್ನು ಬಿಡಿಸಿ, ವನರಕ್ಷಕಿಯನ್ನು ದೂರದ ಕಚೇರಿಯ ಮೇಜಿಗೆ ಕಳಿಸಲಾಗುವುದು. ಅದು ಅಧಿಕ ವರ್ಷ. ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಕಾಯಲು ಒಂದು ದಿನ ಹೆಚ್ಚಿಗೆ ಬಿತ್ತು.

ಸಾಯಬಣ್ಣನಿಗೆ ಕೆಲಸ ಹೋಗುವ ಚಿಂತೆ ಇತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಅದಕ್ಕಿಂತ ದೊಡ್ಡ ಚಿಂತೆ, ಮುಂದಿನ ಸಲವೂ ದಾರಿಯ ನಡುವೆಯೇ ನಿಲ್ಲುವೆನೆಂದು ಹೇಳುತ್ತಿದ್ದ ರೂಪಾಲಿಯದು. ಮುಂದಿನ ಸಲ ಮಣಿಕಟ್ಟಿಗೆ ಮುಗಿಯುತ್ತದೆಂದು ಯಾರು ಹೇಳಬಲ್ಲರು?

ಹೀಗಿರಲು ಫೆಬ್ರವರಿ ಹನ್ನೊಂದು, ರವಿವಾರ, ಅವನು ವಡಾಲದಲ್ಲಿದ್ದ ತಂಗಿ ಮಹಾದೇವಿಯ ಮನೆಯಲ್ಲಿ ಊಟ ಮುಗಿಸಿ ಹಾರ್ಬರ್ ಲೈನಿನ ಲೋಕಲ್ ಹತ್ತಿದನು. ಪಕ್ಕದಲ್ಲಿ ನಿಂತಿದ್ದ, ಇಸ್ತ್ರಿಯ ಅಂಗಿ ತೊಟ್ಟ ದಪ್ಪ ಮನುಷ್ಯನೊಬ್ಬ ಫೋನಿನಲ್ಲಿ ಮಾತನಾಡುತ್ತಿದ್ದನು. ಸಾಂತಾಕ್ರೂಜ್ ಬರುತ್ತಿದ್ದಂತೆ ಅವನು ದನಿ ಏರಿಸಿ ಹೇಳಿದ ಮಾತು ಸಾಯಬಣ್ಣನ ಕಿವಿಗೆ ಮೊಳೆಯಂತೆ ಹೊಕ್ಕಿತು:

“ಖೈರ್, ಬುಧವಾರ್ ಸುಬಹ್ ಛೇ ಬಜೇ, ನಾಕೇವಾಲೇ ರಾಸ್ತೇ ಸೇ. ಮಾಲ್ ಠೀಕ್ ಸೇ ಢಕ್ನಾ.”

ಬುಧವಾರ, ಬೆಳಗಿನ ಆರು ಗಂಟೆ, ನಾಕಾದ ದಾರಿ, ಮಾಲನ್ನು ಮುಚ್ಚಿ ತರಬೇಕು, ಎಲ್ಲಕ್ಕಿಂತ ಮೊದಲು ಖೈರ್. ಇನ್ನೇನು ಉಳಿಯಿತು? ಆ ಮನುಷ್ಯ ಸಾಂತಾಕ್ರೂಜಿನಲ್ಲಿ ಇಳಿದು ಗುಂಪಿನಲ್ಲಿ ಕರಗಿಹೋದನು. ಸಾಯಬಣ್ಣ ನೇರವಾಗಿ ನಾಕಾ ಸೇರಿದನು. ರೂಪಾಲಿಗೆ ವಿಷಯವನ್ನು ಅಚ್ಚ ಕನ್ನಡದಲ್ಲಿ ಮುಟ್ಟಿಸಿದನು.

“ಬಾಯಾರ, ಬುಧವಾರ ಮುಂಜೇಲೆ ಆರಕ್ಕ ಖೈರ್ ಬರತೈತಿ. ಈ ಎರಡೂ ಕಿವೀಲೆ ಕೇಳೀನಿ.”

ಅವನು ಹಿಂದಿಯ ಮಾತನ್ನು ಹಿಂದಿಯಲ್ಲಿಯೇ ಒಪ್ಪಿಸಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕನ್ನಡಕ್ಕೆ ಬಂದ ಮಾತಿನಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ರೂಪಾಲಿಯ ಕಣ್ಣು ಹೊಳೆಯಿತು.

“ಪಕ್ಕಾ ಕಾಕಾ? ಹಂಗಾದ್ರ ನಾ ದಾರೀ ಬೀಚ್‌ನಾಗೇ, ನಟ್ಟನಡುವನ ನಿಲ್ಲತೀನಿ.”

“ಮನಿಷ್ಯಾರ್ನ ನಿಲ್ಲಸೂದ ಬ್ಯಾಡ್ರಿ, ಬಾಯಾರ,” ಎಂದನು ಸಾಯಬಣ್ಣ. “ದಾರೀನ ನಿಲ್ಲಸೂಣು.”

ಹದಿನೇಳು ವರ್ಷ ಮರಳು ಹೊತ್ತವನಿಗೆ ಮರಳಿನ ಗುಣ ಗೊತ್ತು. ಬಿದಿರು ಮುರಿಯುತ್ತದೆ, ಮನುಷ್ಯ ಬೀಳುತ್ತಾನೆ. ಮರಳು ಮಾತ್ರ ಬಂದ ಗಾಲಿಯನ್ನು ಸುಮ್ಮನೆ ಹಿಡಿದುಕೊಳ್ಳುತ್ತದೆ. ಕಾಡಿನ ಹಳ್ಳಕ್ಕೆ ಒಡ್ಡು ಕಟ್ಟಲೆಂದು ತರಿಸಿದ್ದ ಮರಳು ನಾಕಾದ ಹಿಂದೆ ಗುಡ್ಡೆಯಾಗಿತ್ತು. ಮಂಗಳವಾರ ಸಂಜೆ ಅವನು, ರೂಪಾಲಿ ಮತ್ತು ಅವಳು ಇಲಾಖೆಯಿಂದ ಕರೆಸಿಕೊಂಡಿದ್ದ ಇಬ್ಬರು ಕಾವಲುಗಾರರು ಸೇರಿ ದಾರಿಗೆ ಅಡ್ಡಲಾಗಿ ಇಪ್ಪತ್ತು ಹೆಜ್ಜೆಯ ಉದ್ದಕ್ಕೆ ಮೊಣಕಾಲೆತ್ತರ ಸುರಿದರು. ಪ್ರಾಮಾಣಿಕರ ಗಾಡಿಗಳನ್ನು ನೋಡಿ ದಾಟಿಸಲು ಎರಡು ಸಾಲಿಗಾಗುವಷ್ಟು ಕಬ್ಬಿಣದ ತಗಡುಗಳನ್ನು ಪಕ್ಕದಲ್ಲಿಟ್ಟರು. ದೂರದಿಂದಲೇ ಕಂಡು ಕಳ್ಳರು ಹಿಂದಿರುಗಿಯಾರೆಂದು ರೂಪಾಲಿ ಶಂಕಿಸಿದಳು. ಅದಕ್ಕೂ ಸಾಯಬಣ್ಣನ ಬಳಿ ಮದ್ದಿತ್ತು. ರಸ್ತೆ ಕೆಲಸದ ತನ್ನ ಗೆಳೆಯ ಶರಣನಿಂದ ಒಂದು ಹಳೆಯ ಹಳದಿ ಫಲಕವನ್ನು ಎರವಲು ತಂದಿದ್ದನು. ಅದರ ಮೇಲೆ ಮರಾಠಿಯಲ್ಲಿ ಬರೆದಿತ್ತು: ‘ಕಾಮ್ ಚಾಲೂ ಆಹೇ’. ಕೆಲಸ ನಡೆದಿದೆ ಎಂಬ ಈ ಫಲಕವನ್ನು ಕಂಡು ಬೆಚ್ಚಿಬೀಳುವ ಮನುಷ್ಯ ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ.

ಫೆಬ್ರವರಿ ಹದಿನಾಲ್ಕು, ಬುಧವಾರ, ಆರು ಗಂಟೆ ಏಳು ನಿಮಿಷಕ್ಕೆ ತಾಡಪತ್ರಿ ಹೊದಿಸಿದ ಟೆಂಪೋ ಬಂದಿತು. ಮರಳಿನ ಮುಂದೆ ವಿನಯದಿಂದ ನಿಂತಿತು. ಚಾಲಕನ ಪಕ್ಕದಲ್ಲಿ ಲೋಕಲಿನ ಅದೇ ದಪ್ಪ ಮನುಷ್ಯ. ಸಾಯಬಣ್ಣ ರೂಪಾಲಿಗೆ ಕಣ್ಣಿನಲ್ಲಿಯೇ ಸನ್ನೆ ಮಾಡಿದನು. ಕಾವಲುಗಾರರು ಸುತ್ತುವರಿದರು; ರೂಪಾಲಿ ತಾಡಪತ್ರಿಯನ್ನು ಎಳೆದಳು. ತುಪ್ಪದ ಪರಿಮಳವು ನಾಕಾವನ್ನೆಲ್ಲ ತುಂಬಿತು. ಒಳಗೆ ಇದ್ದದ್ದು ನಲವತ್ತು ತಾಟು ಲಾಡು.

ಮನೀಶ್ ಎಂಬ ಆ ಮನುಷ್ಯ ಸಾಂತಾಕ್ರೂಜಿನಲ್ಲಿ ಮದುವೆಯ ಅಡುಗೆಯ ಗುತ್ತಿಗೆ ಹಿಡಿಯುವವನು. ಕಾಡಿನಾಚೆಯ ಹಳ್ಳಿಯ ಹೆಂಗಸರಿಂದ ಲಾಡು ಕಟ್ಟಿಸಿ ಒಯ್ಯುತ್ತಿದ್ದನು. ತನ್ನ ಅಪರಾಧವೇನೆಂದು ಕೇಳಿದನು. ಖೈರ್ ಎಂದದ್ದೇ ಅಪರಾಧವೆಂದು ತಿಳಿದಾಗ ಮೊದಲು ಬಾಯಿ ತೆರೆದನು, ಆಮೇಲೆ ಹೊಟ್ಟೆ ಹಿಡಿದುಕೊಂಡು ಟೆಂಪೋದ ಬಾಗಿಲಿಗೆ ಒರಗಿದನು. ರೂಪಾಲಿಯೂ ಹಣೆ ಚಚ್ಚಿಕೊಂಡಳು.

“ಕಾಕಾ, ಹಿಂದಿಯೊಳಗ ಖೈರ್ ಅಂದ್ರ ‘ಇರಲಿ ಬಿಡು’ ಅಂತ. ಝಾಡ್ ಅಲ್ಲ, ಮರ ಅಲ್ಲ.”

ಸಾಯಬಣ್ಣ ತಾಡಪತ್ರಿಯನ್ನು ಮತ್ತೆ ಹೊದಿಸತೊಡಗಿದನು. “ಒಂದ ಮಾತಿಗೆ ಎರಡು ಅರ್ಥ ಇಟ್ಟಾರಂದ್ರ, ಕಳವು ಅಲ್ಲಿಂದನ ಸುರು ಆಗೈತಿ ನೋಡ್ರಿ,” ಎಂದನು.

ಮನೀಶ್ ನಗುತ್ತಲೇ ಒಂದು ತಾಟು ಲಾಡು ಇಳಿಸಿ ಹೋದನು. ತಗಡು ಹಾಸಿ ಅವನನ್ನು ದಾಟಿಸಿದರು. ಆಮೇಲೆ ಮರಳನ್ನು ಎತ್ತಿಬಿಡಬೇಕಾಗಿತ್ತು. ಆದರೆ ಸುರಿಯುವುದರಲ್ಲಿದ್ದ ಹುರುಪು ಎತ್ತುವುದರಲ್ಲಿ ಯಾರಿಗೂ ಇರಲಿಲ್ಲ. ನಾಳೆ ನೋಡೋಣವೆಂದರು. ಗುರುವಾರ ಮಹಾಪಾಲಿಕೆಯವನೊಬ್ಬನು ಮೋಟಾರ್ ಸೈಕಲ್ಲಿನಲ್ಲಿ ಬಂದು, ಫಲಕ ನೋಡಿ, ಯಾವ ಗುತ್ತಿಗೆದಾರನ ಕೆಲಸವೆಂದು ಕೇಳಿದನು. ಸರಕಾರದ್ದೆಂದು ಸಾಯಬಣ್ಣ ಸತ್ಯವನ್ನೇ ಹೇಳಿದನು. ಎಂದಿಗೆ ಮುಗಿಯುತ್ತದೆಂದು ಬಂದವನು ಕೇಳಲೇ ಇಲ್ಲ. ಆ ಪ್ರಶ್ನೆಯನ್ನು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ತಲೆಯಾಡಿಸಿ ಹೊರಟುಹೋದನು.

ಹಾಗಾಗಿ ಶುಕ್ರವಾರ, ಫೆಬ್ರವರಿ ಹದಿನಾರರಂದೂ ಮರಳು ದಾರಿಯಲ್ಲಿಯೇ ಇತ್ತು. ಆರು ಗಂಟೆ ಹತ್ತು ನಿಮಿಷಕ್ಕೆ ದೂರದಲ್ಲಿ ಎಂಜಿನ್ನಿನ ಗುಡುಗು ಕೇಳಿತು. ಬಿದಿರನ್ನು ಮುರಿಯುವ ವೇಗದಲ್ಲಿ ಬಂದ ಟೆಂಪೋದ ಚಾಲಕ ಹಳದಿ ಫಲಕವನ್ನು ಕಂಡು, ಎಲ್ಲ ಮುಂಬಯಿಕರರಂತೆ ಮಹಾಪಾಲಿಕೆಯನ್ನು ಶಪಿಸಿ, ವೇಗ ತಗ್ಗಿಸಿ, ಹೇಗೂ ದಾಟಬಹುದೆಂದು ಮರಳಿಗೆ ಇಳಿಸಿದನು. ಏಳೆಂಟು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿಗಳು ಹೂತವು. ಎಂಜಿನ್ನು ಒದರಿದಷ್ಟೂ ಟೆಂಪೋ ಇಳಿಯಿತು. ಚಾಲಕನು ತಲೆ ಹೊರಗೆ ಹಾಕಿ, ಹತ್ತಿರ ಬಂದ ಮುದುಕನಿಗೆ ತಳ್ಳಲು ಹೇಳಿದನು. ಸಾಯಬಣ್ಣ ಆಗಲೆಂದು ಹಿಂಭಾಗಕ್ಕೆ ನಡೆದನು. ಅಷ್ಟರಲ್ಲಿ ರೂಪಾಲಿ ಇನ್ನೊಂದು ಬದಿಯ ಕಿಟಕಿಯಿಂದ ಕೈ ಹಾಕಿ ಕೀಲಿಯನ್ನು ತೆಗೆದುಕೊಂಡಿದ್ದಳು. ದಾರಿಯ ನಡುವೆ ಯಾರೂ ನಿಲ್ಲಬೇಕಾಗಲಿಲ್ಲ.

ಮೇಲೆ ಕೋಸಿನ ಗಡ್ಡೆಗಳಿದ್ದವು. ಅವುಗಳ ಕೆಳಗೆ ಅರವತ್ತೆರಡು ತುಂಡು, ಕೆತ್ತಿದ ಕಡೆಯಲ್ಲೆಲ್ಲ ಕೆಂಪು. ಕಾವಲುಗಾರರು ಚಾಲಕನನ್ನೂ ಜೊತೆಯವನನ್ನೂ ಮರಳಿನ ಮೇಲೆಯೇ ಕೂರಿಸಿದರು. ಪೊಲೀಸರು ಬರುವವರೆಗೆ ಸಾಯಬಣ್ಣ ಅವರಿಗೆ ಉಳಿದ ಲಾಡುಗಳಲ್ಲಿ ಒಂದೊಂದನ್ನು ಕೊಟ್ಟನೆಂದು ರೂಪಾಲಿ ಇಂದಿಗೂ ರೇಗಿಸುತ್ತಾಳೆ. ಹಸಿದವರಿಗೆ ಕೊಟ್ಟೆ, ಕಳ್ಳರಿಗಲ್ಲ ಎಂಬುದು ಅವನ ವಾದ.

ಫೆಬ್ರವರಿ ಇಪ್ಪತ್ತೊಂಬತ್ತು, ಗುರುವಾರ, ಹೆಚ್ಚಿನ ಆ ಒಂದು ದಿನ, ಸಾಹೇಬರು ನಾಕಾಕ್ಕೆ ಬಂದರು. ನೋಟೀಸನ್ನು ಜೇಬಿನಿಂದ ತೆಗೆದು ರೂಪಾಲಿಯ ಎದುರಿಗೇ ನಾಲ್ಕು ತುಂಡು ಮಾಡಿದರು. ಬಿದಿರಿನ ಬದಲು ಕಬ್ಬಿಣದ ಗಂಬ ಹಾಕಿಸುವುದಾಗಿಯೂ, ಅವಳಿಗೆ ಇನ್ನಿಬ್ಬರನ್ನು ಜೊತೆಗೆ ಕೊಡುವುದಾಗಿಯೂ ಹೇಳಿದರು. ಹೊರಡುವಾಗ ಹಗ್ಗ ಹಿಡಿದು ನಿಂತವನ ಕಡೆಗೆ ತಿರುಗಿ, ಕುಶಲ ಕೇಳುವ ರೀತಿಯಲ್ಲಿ ಅಂದರು: “ಕ್ಯಾ ಸಾಯಬಣ್ಣ, ಸಬ್ ಖೈರ್?”

ಎಲ್ಲ ಕ್ಷೇಮವೇ ಎಂಬ ಈ ಮೂರನೆಯ ಅರ್ಥವನ್ನೂ ರೂಪಾಲಿ ಅವನಿಗೆ ಅಷ್ಟರೊಳಗೆ ಕಲಿಸಿದ್ದಳು. ಆದರೂ ಅವನು ನೆಟ್ಟಗೆ ನಿಂತು, ತನ್ನ ಕಟ್ಟಡದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ಉತ್ತರಿಸಿದನು:

“ನಹೀ ಸಾಬ್. ಏಕ್ ಭೀ ಖೈರ್ ನಹೀ. ಸಬ್ ಜಪ್ತ್.”

ಸಾಹೇಬರಿಗಿಂತ ಮೊದಲು ನಕ್ಕವಳು ರೂಪಾಲಿ. ನಗುತ್ತ ನಗುತ್ತ ಚಪ್ಪಾಳೆ ತಟ್ಟಿದಳು, ಎರಡೂ ಕೈಗಳಿಂದ. ಡಿಸೆಂಬರ್ ಒಂಬತ್ತರ ನಂತರ ಅವಳ ಎಡಗೈ ಅಷ್ಟು ಸಲೀಸಾಗಿ ಆಡಿದ್ದು ಅದೇ ಮೊದಲು. ಸಾಯಬಣ್ಣ ಅದನ್ನು ನೋಡಿದನು. ನೋಡಿ, ಹಗ್ಗ ಎಳೆದು, ಸಾಹೇಬರ ಜೀಪಿಗೆ ಬಿದಿರನ್ನು ಎತ್ತಿದನು.