ಆಂಜಿಯೋಗ್ರಾಮ್‌ಗೆ ಕಾಣದ ನಾಳಗಳು

ಮೊದಲು ನೋವು ಬಂದದ್ದು ದವಡೆಗೆ. ಹಲ್ಲುನೋವಿರಬೇಕೆಂದು ಲವಂಗ ಕಚ್ಚಿಕೊಂಡೆ.

ಸಾದಲಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅವತ್ತು ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ತಡೆಯಲಾರದ ಹಸಿವು. ಸೊಪ್ಪು ಹರಡುತ್ತಿದ್ದವಳಿಗೆ ಎಡಗೈ ಸೋತಿತು. ಬೆನ್ನಿಗೆ ತಣ್ಣನೆಯ ಬೆವರು. ಸೊಪ್ಪಿನ ರಾಶಿಯ ಮೇಲೆಯೇ ಕೂತುಬಿಟ್ಟೆ.

ಹಾರ್ಟ್ ಅಟ್ಯಾಕ್.

ಶಿಡ್ಲಘಟ್ಟದಲ್ಲಿ ಇಸಿಜಿ, ಅಲ್ಲಿಂದ ಆಂಬುಲೆನ್ಸ್, ಬೆಂಗಳೂರಿನಲ್ಲಿ ಆಂಜಿಯೋಪ್ಲಾಸ್ಟಿ. ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ನಮ್ಮ ಮನೆಯವರು ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ನನ್ನನ್ನು ನೋಡಲು ಬಂದವರಿಗೆಲ್ಲ ಮೊಬೈಲಿನಲ್ಲಿ ಆಂಜಿಯೋಗ್ರಾಮಿನ ಎರಡು ಚಿತ್ರ ತೋರಿಸುತ್ತಿದ್ದರು. ಒಂದರಲ್ಲಿ ತುಂಡಾದ ಗೆರೆ, ಇನ್ನೊಂದರಲ್ಲಿ ತುಂಬಿದ ಗೆರೆ. ಬಂದವರು ಸೇಬಿನ ಕವರು ಕೆಳಗಿಟ್ಟು, ಚಿತ್ರ ನೋಡಿ, "ಕ್ಲಿಯರ್ ಆಯ್ತಲ್ಲ, ಬಿಡು" ಎಂದು ಕಾಫಿ ಕುಡಿದು ಹೊರಡುತ್ತಿದ್ದರು.

ನನಗೆ ಮಾತ್ರ ಏನೂ ಕ್ಲಿಯರ್ ಆಗಲಿಲ್ಲ.

ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಎದೆ ಬಿಗಿಯುತ್ತಿತ್ತು. ಹಾಸಿಗೆಯ ಚಾದರ ಮಡಿಸುವುದರೊಳಗೆ ಗೋಡೆ ಹಿಡಿಯಬೇಕಾಗುತ್ತಿತ್ತು. ಚೆಕಪ್ಪಿಗೆ ಹೋದಾಗ ಮತ್ತೊಂದು ಆಂಜಿಯೋಗ್ರಾಮ್ ಮಾಡಿದರು. ಸ್ಟೆಂಟ್ ಚೆನ್ನಾಗಿದೆ ಎಂದರು. ಟೆನ್ಷನ್ ಕಮ್ಮಿ ಮಾಡಿಕೊಳ್ಳಿ ಎಂದರು.

"ವಾಕಿಂಗ್ ಮಾಡಿದ್ರೆ ಸರಿಹೋಗುತ್ತೆ ಕಣೇ, ಸುಮ್ನೆ ತಲೆಗೆ ಹಚ್ಕೋಬೇಡ" ಎಂದರು ಇವರು.

ನಮ್ಮತ್ತೆ ಪಕ್ಕದ ಮನೆಯವರೊಡನೆ ಹೇಳುತ್ತಿದ್ದದ್ದು ನಾನಿದ್ದ ಕೋಣೆಗೂ ಕೇಳಿಸಿತು. "ಎರಡೆರಡು ಸಲ ಫೋಟೋ ತೆಗ್ದವ್ರೆ, ಎಲ್ಲಾ ಸರಿಯಾಗೈತೆ ಅಂತವ್ರೆ. ಇವಳ ಕಾನ್ವೆಂಟ್ ಉಸಿರಿಗೆ ಇನ್ಯಾವ ಫೋಟೋ ತೆಗಿಸ್ಬೇಕೋ ಕಾಣೆ."

ನಾನು ಚಿಂತಾಮಣಿಯ ಕಾನ್ವೆಂಟಿನಲ್ಲಿ ಓದಿದವಳು. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿ ನನಗೇನಾದರೂ ಅದೇ ಕಾರಣ. ನೆಗಡಿಗೂ ಅದೇ. ಹಿಂದೆಲ್ಲ ನಗುತ್ತಿದ್ದೆ. ಈ ಸಲ ನಗು ಬರಲಿಲ್ಲ. ಬರಬರುತ್ತಾ ನನಗೇ ಅನುಮಾನ ಹುಟ್ಟಿತು: ಇಷ್ಟು ಜನ ಸರಿಯಿದೆ ಎನ್ನುವಾಗ, ನನಗೇ ಗೊತ್ತಿಲ್ಲದೆ ನಾಟಕ ಆಡುತ್ತಿದ್ದೇನೆಯೇ? ಸುಸ್ತಾದಾಗ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಏದುಸಿರು ಬಿಡುವುದನ್ನು ಕಲಿತೆ.

ಕೊನೆಗೆ ಬೆಂಗಳೂರಿನಲ್ಲಿ ಬೇರೊಬ್ಬ ಡಾಕ್ಟರನ್ನು ಕಂಡೆವು. ಹೆಂಗಸು. ರಿಪೋರ್ಟು ಪಕ್ಕಕ್ಕಿಟ್ಟು, "ಏನು ಮಾಡುವಾಗ ಆಗುತ್ತೆ, ಹೇಳಿ" ಎಂದರು. ಜಡೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ಹೃದಯದ ಎಂಆರ್‌ಐ ಮಾಡೋಣ ಎಂದರು.

ಸ್ಕ್ಯಾನಿಂಗಿಗೆ ಅತ್ತೆಯೂ ಬಂದರು. ಒಳಗೆ ಹೋಗುವಾಗ ಮೈಮೇಲೆ ಲೋಹ ಇರಬಾರದು ಎಂದು ನರ್ಸ್ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು.

"ತಾಳಿನೂ ತೆಗೀಬೇಕಾ?"

"ಎಲ್ಲಾ ತೆಗೀಬೇಕು ಅಜ್ಜಿ."

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. ತಾಳಿ ತೆಗೆಸುತ್ತಾರೆಂದು ಯಾರೋ ಮೊದಲೇ ಹೇಳಿದ್ದರಂತೆ. ಅದನ್ನು ನನ್ನ ಕೊರಳಿಗೆ ಕಟ್ಟಿದ ಮೇಲೆಯೇ ತಾಳಿ ಬಿಚ್ಚಲು ಬಿಟ್ಟರು. ಕಾಲುಂಗುರಕ್ಕೆ ಸೋಪು ಹಚ್ಚಿದ್ದಾಯಿತು. ಮೂಗುಬಟ್ಟಿನ ತಿರುಪನ್ನು ಅವರೇ ತಿರುಗಿಸಿದರು. ಎಲ್ಲವನ್ನೂ ಅದೇ ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಯಂತ್ರದೊಳಗೆ ಚಳಿ. ಕಿವಿಯಲ್ಲಿ ಹುಡುಗಿಯೊಬ್ಬಳ ದನಿ: ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ. ಹೃದಯಕ್ಕೆ ಓಡಿದಷ್ಟೇ ಶ್ರಮ ಕೊಡುವ ಔಷಧಿ ಕೈಗೆ ಏರಿತು. ಮುಖ ಬಿಸಿಯಾಯಿತು, ಎದೆಯ ಮೇಲೆ ಭಾರ ಕೂತಿತು. ಆಮೇಲೆ ರಕ್ತದ ಹರಿವು ತೋರಿಸುವ ಡೈ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ಪ್ರಾರ್ಥನೆಯೂ ಮನೆದೇವರ ಹೆಸರೂ ಒಟ್ಟಿಗೇ ನೆನಪಾದವು.

ಏನಾದರೂ ಕಾಣಲಿ ಎಂದು ಬೇಡಿಕೊಂಡೆ.

ಕಂಡಿತು.

ಡಾಕ್ಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ಬಳೆಯೊಂದು ಮಿಡಿಯುತ್ತಿತ್ತು. ಅದು ನನ್ನ ಹೃದಯ. ಡೈ ಬಂದಂತೆ ಬಳೆ ಬೆಳಗಿತು. ಒಂದು ಮೂಲೆ ಕಪ್ಪಾಗಿಯೇ ಉಳಿಯಿತು.

"ಸ್ಟೆಂಟ್ ಹಾಕಿದ್ದಾರಲ್ಲ ಮೇಡಂ" ಎಂದರು ಇವರು.

"ಅದು ದೊಡ್ಡ ನಾಳಕ್ಕೆ. ಅದು ಚೆನ್ನಾಗೇ ಇದೆ. ಅದರಾಚೆ ಕೂದಲಿಗಿಂತ ಸಣ್ಣ ನಾಳಗಳಿರುತ್ತೆ. ಅಟ್ಯಾಕ್ ಆದಾಗ ಅವಕ್ಕೆ ಪೆಟ್ಟು ಬಿದ್ದಿದೆ. ಆಂಜಿಯೋಗ್ರಾಮ್‌ನಲ್ಲಿ ಅವು ಕಾಣಲ್ಲ."

"ಅವಕ್ಕೂ ಏನಾದ್ರೂ ಹಾಕ್ಬಹುದಲ್ಲ?"

"ಆಗಲ್ಲ. ಮಾತ್ರೆ ಬದಲಾಯಿಸ್ತೀನಿ, ನಿಧಾನವಾಗಿ ವ್ಯಾಯಾಮ ಶುರು ಮಾಡಿಸ್ತೀನಿ. ಸುಧಾರಿಸಬಹುದು. ಪೂರ್ತಿ ಅಂತ ಮಾತು ಕೊಡಲ್ಲ."

ನನಗೆ ಮೊದಲು ಆದದ್ದು ಸಮಾಧಾನ. ಭಯ ಬಂದದ್ದು ಲಿಫ್ಟಿನಲ್ಲಿ. ಕಾರು ದೇವನಹಳ್ಳಿ ದಾಟಿತು. ಇವರು ರಸ್ತೆ ನೋಡುತ್ತಲೇ, "ನೀನು ಹೇಳ್ತಾನೇ ಇದ್ದೆ" ಎಂದರು.

ಆಮೇಲೆ ಮನೆಯವರೆಲ್ಲ ನನ್ನನ್ನು ನಂಬಿದರು. ಅದೂ ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಪೊರಕೆ ಮುಟ್ಟಲು ಬಿಡುತ್ತಿರಲಿಲ್ಲ. ಶೆಡ್ಡಿನ ಬಾಗಿಲಿಗೆ ಹೋದರೆ ಯಾರಾದರೂ ಕುರ್ಚಿ ತಂದಿಡುತ್ತಿದ್ದರು. ಅತ್ತೆ ನನ್ನೆದುರು ದನಿ ತಗ್ಗಿಸಿ ಮಾತಾಡತೊಡಗಿದರು, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ. ಆ ಕಪ್ಪು ಮೂಲೆಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ಮೊದಲು ನನಗೆ ಕಾಯಿಲೆಯೇ ಇಲ್ಲವೆಂದಿದ್ದರು; ಈಗ ಕಾಯಿಲೆ ಬಿಟ್ಟರೆ ನಾನೇ ಇಲ್ಲವೇನೋ ಎನ್ನಿಸುತ್ತಿತ್ತು.

ನಿನ್ನೆ ಮಧ್ಯಾಹ್ನ ಅತ್ತೆ ನೆನೆಹಾಕಿದ ಅವರೆಕಾಳಿನ ಬೇಸಿನ್ ತಂದು ನಮ್ಮಿಬ್ಬರ ನಡುವೆ ಇಟ್ಟರು.

"ಪೆಟ್ಟು ಬಿದ್ದಿರೋದು ಎದೆಗೆ. ಕೈಗಲ್ವಲ್ಲಮ್ಮ. ಹಿಸುಕು."

ಹಿಸುಕಿದೆ. ಕಾಳು ಜಾರಿ ಬೀಳುತ್ತಿದ್ದವು, ಸಿಪ್ಪೆ ಬೆರಳಿಗೆ ಅಂಟುತ್ತಿತ್ತು. ನಾನು ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿದ್ದಕ್ಕೆ ಬೈದರು. ಅರ್ಧಕ್ಕೆ ಬರುವಾಗ ಎದೆ ಬಿಗಿಯಿತು. ಎದ್ದು ಬಚ್ಚಲಿಗೆ ಹೋಗಲಿಲ್ಲ. ಅಲ್ಲೇ, ಅವರೆದುರೇ, ಕೈ ತೊಡೆಯ ಮೇಲಿಟ್ಟು ಉಸಿರೆಳೆದುಕೊಂಡೆ.

ಅತ್ತೆ ಮಗನನ್ನು ಕೂಗಲಿಲ್ಲ. ನೀರು ತರಲು ಏಳಲೂ ಇಲ್ಲ. ನನ್ನ ಪಾಲಿನ ಕಾಳಿಗೆ ಕೈ ಹಾಕದೆ, ತಮ್ಮ ಕೈಯನ್ನೂ ನಿಲ್ಲಿಸಿ, ಬಾಗಿಲಾಚೆ ನೋಡುತ್ತಾ ಕೂತರು. ನನ್ನ ಉಸಿರು ಹದಕ್ಕೆ ಬರುವವರೆಗೂ ಕಾದರು.